ಪಾದದ ಗಂಟು ಉಳುಕಿದರೆ ಮಾಡಬೇಕಾದದ್ದು

ಮಳೆಗಾಲದಲ್ಲಿ ದಾದರ್ ನಿಲ್ದಾಣದ ಒದ್ದೆ ಮೆಟ್ಟಿಲುಗಳನ್ನು ಅವಸರದಿಂದ ಇಳಿಯುವಾಗ, ಇಲ್ಲವೇ ಲೋಕಲ್ ರೈಲು ನಿಲ್ಲುವ ಮೊದಲೇ ಪ್ಲಾಟ್‌ಫಾರ್ಮಿಗೆ ಹಾರುವಾಗ, ಪಾದ ಒಳಕ್ಕೆ ಮಡಚಿಕೊಂಡು ಗಂಟಿನ ಹೊರಬದಿಯ ಅಸ್ಥಿರಜ್ಜುಗಳು (ಮೂಳೆಗೆ ಮೂಳೆಯನ್ನು ಬಿಗಿದಿಡುವ ಪಟ್ಟಿಗಳು) ಹಿಗ್ಗುತ್ತವೆ ಅಥವಾ ಹರಿಯುತ್ತವೆ. ಮುಂಬಯಿಯಲ್ಲಿ ನೆಲೆಸಿದ ನಮ್ಮವರಲ್ಲಿಯೂ ಉಳುಕೆಂದರೆ ಎಣ್ಣೆ ಕಾಯಿಸಿ ನೀವುವ ರೂಢಿ ಬಲವಾಗಿದೆ. ಆದರೆ ಮೊದಲ ಎರಡು-ಮೂರು ದಿನ ನೀವುವುದರಿಂದಲೂ ಬಿಸಿ ಶಾಖದಿಂದಲೂ ಒಳಗಿನ ರಕ್ತಸ್ರಾವ ಮತ್ತು ಊತ ಹೆಚ್ಚಬಹುದು.

ಮೂಳೆ ಮುರಿದಿರಬಹುದೇ ಎಂಬುದನ್ನು ಮೊದಲು ವಿಚಾರಿಸಬೇಕು. ಇದಕ್ಕೆ ವೈದ್ಯರು ಬಳಸುವ ಒಟ್ಟಾವಾ ನಿಯಮಗಳು 1992ರಲ್ಲಿ ಕೆನಡಾದಲ್ಲಿ ರೂಪುಗೊಂಡವು. ಗಂಟಿನ ಎರಡೂ ಬದಿಯ ಉಬ್ಬುಮೂಳೆಗಳ ತುದಿಯಲ್ಲಿ ಅಥವಾ ಹಿಂಬದಿಯ ಅಂಚಿನ ಕೆಳಗಿನ 6 ಸೆಂ.ಮೀ. ಭಾಗದಲ್ಲಿ ಒತ್ತಿದರೆ ನೋಯುವುದು, ಕಿರುಬೆರಳಿನ ನೇರಕ್ಕೆ ಪಾದದ ಹೊರ ಅಂಚಿನ ನಡುವೆ ಇರುವ ಮೂಳೆಯ ಉಬ್ಬು ನೋಯುವುದು, ಪೆಟ್ಟಾದ ಕೂಡಲೇ ಮತ್ತು ಪರೀಕ್ಷೆಯ ವೇಳೆಯಲ್ಲಿಯೂ ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಲಾಗದಿರುವುದು, ಇವುಗಳಲ್ಲಿ ಯಾವುದಿದ್ದರೂ ಎಕ್ಸ್-ರೇ ತೆಗೆಸಬೇಕು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಗ್ಗಿದವರು ನೋವಿಲ್ಲವೆಂದು ನಂಬಿ ಕೂರಬಾರದು. ಪಾದ ಸೊಟ್ಟಗಾಗಿದ್ದರೆ, ಬೆರಳು ತಣ್ಣಗಾಗಿ ಮರಗಟ್ಟಿದ್ದರೆ ಅಥವಾ ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ, ನೆಟ್ಟಗೆ ಮಾಡಲು ಎಳೆಯದೆ 108ಕ್ಕೆ ಕರೆ ಮಾಡಿ. ಪರೇಲಿನ ಕೆ.ಇ.ಎಂ. ಮತ್ತು ಸಾಯನ್ ಆಸ್ಪತ್ರೆಗಳಲ್ಲಿ ತುರ್ತು ವಿಭಾಗವಿದೆ.

ಬರೀ ಉಳುಕಾದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15-20 ನಿಮಿಷ, ಎರಡು-ಮೂರು ಗಂಟೆಗೊಮ್ಮೆ ಇಡಿ. ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಬುಡದಿಂದ ಮೇಲಕ್ಕೆ ಸುತ್ತಿ, ಬೆರಳು ನೀಲಿಗಟ್ಟಿದರೆ ಸಡಿಲಿಸಿ. ಮಲಗಿದಾಗ ಕಾಲು ಎದೆಯ ಮಟ್ಟಕ್ಕಿಂತ ಮೇಲಿರಲಿ.

ಊತ ಇಳಿದೊಡನೆ ಚಿಕಿತ್ಸೆ ಮುಗಿಯಿತೆಂದು ಬಹುಪಾಲು ಜನ ತಿಳಿಯುತ್ತಾರೆ, ಅದೇ ಪಾದ ಮತ್ತೆ ಮತ್ತೆ ಉಳುಕಲು ಇದೊಂದು ಮುಖ್ಯ ಕಾರಣ. ಕೀಲಿನ ಸ್ಥಿತಿಯನ್ನು ಮಿದುಳಿಗೆ ತಿಳಿಸುವ ನರತುದಿಗಳು ಅಸ್ಥಿರಜ್ಜುಗಳಲ್ಲಿಯೇ ಇರುವುದರಿಂದ, ರಜ್ಜು ಹರಿದಾಗ ಬಲದ ಜೊತೆಗೆ ಸಮತೋಲನವೂ ಕುಗ್ಗುತ್ತದೆ. ನೋವು ತಡೆಯುವಷ್ಟಾದಾಗ ಕುಳಿತಲ್ಲಿಯೇ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಬರೆಯಿರಿ (ಒತ್ತಕ್ಷರಗಳು ಇನ್ನೂ ಒಳ್ಳೆಯವು). ಭಾರ ಹಾಕಲು ಸಾಧ್ಯವಾದ ಮೇಲೆ ಗೋಡೆ ಹಿಡಿದು, ಅನಂತರ ಹಿಡಿಯದೆ, ಅದೇ ಕಾಲಿನ ಮೇಲೆ 30 ಸೆಕೆಂಡು ನಿಲ್ಲುವುದನ್ನು ಅಭ್ಯಾಸ ಮಾಡಿ. ಅಲುಗದೆ ಹಾಗೆ ನಿಲ್ಲಲು ಬರುವವರೆಗೆ, ಜನ ತಳ್ಳುವ ಹೊತ್ತಿನ ರೈಲನ್ನು ಬಿಟ್ಟು ಮುಂದಿನದನ್ನು ಹತ್ತುವುದು ಲೇಸು.