ಟೆಕ್ಸಸ್‌ಗೆ ಹೊರಟ ನಮ್ಮ ಕಡೆಯವರಿಗೆ: ಮಗುವಿನ ಫೈಲು ಸೂಟ್‌ಕೇಸಿನ ತಳಕ್ಕೆ ಹಾಕಬೇಡಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಡಲ್ಲಾಸ್ ಸುತ್ತಮುತ್ತಲಿಗೆ ಬರುವವರಿಗೆ ಬಾಡಿಗೆ ಮನೆ, ಹಳೇ ಕಾರು, ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಅಂತ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ಈ ಬರಹ ಇರುವುದು ಮಾತು ತಡವಾದ, ಅಕ್ಷರ ಕೂಡಿಸಿ ಓದಲಾಗದ, ಕ್ಲಾಸಿನಲ್ಲಿ ಕೂತಲ್ಲಿ ಕೂರದ ಮಗುವಿನ ಜೊತೆ ಬರುವವರಿಗೆ. ಆಟಿಸಂ ಅಂತ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಅತ್ತೆ-ಮಾವನಿಗೂ ತೋರಿಸದೆ ಕಪಾಟಿನಲ್ಲಿ ಸೀರೆ ಮಡಿಕೆಯ ಕೆಳಗೆ ಇಟ್ಟವರಿಗೆ. ಅಂಥವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಅಂತ ನನಗೆ ಗೊತ್ತು. ಪ್ರತಿ ಯುಗಾದಿ ಕೂಟ ಮುಗಿದ ಮೇಲೆ ಪಾರ್ಕಿಂಗ್‌ನಲ್ಲಿ ಒಬ್ಬರಾದರೂ ದನಿ ಇಳಿಸಿ ಕೇಳುತ್ತಾರೆ, "ವೈನಿ, ನಿಮ್ಮ ಹುಡುಗಗ ಸಾಲ್ಯಾಗ ಏನೋ ಕೊಡ್ತಾರಂತಲ್ರಿ, ಅದ್ಹೆಂಗ?"

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಲಸಿಕೆ ಪುಸ್ತಕ, ಜನನ ಪ್ರಮಾಣಪತ್ರ, ಡಾಕ್ಟರ ವರದಿಗಳು, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿದ್ದರೆ ಅದು, ಊರಿನ ಶಾಲೆಯ ಅಂಕಪಟ್ಟಿ, ಸ್ಪೀಚ್ ಥೆರಪಿ ಮಾಡಿಸಿದ್ದರೆ ಅದರ ನೋಟ್ಸ್. ಇವು ಯಾವುವೂ ಇಲ್ಲಿ ತಾವಾಗಿಯೇ ಬಾಗಿಲು ತೆಗೆಯುವುದಿಲ್ಲ. ಶಾಲೆಯವರು ತಮ್ಮದೇ ಪರೀಕ್ಷೆ ಮಾಡುತ್ತಾರೆ, ಅದೂ ಉಚಿತವಾಗಿ. ಇವುಗಳ ಜೊತೆ ಯಾರೂ ಹೇಳದ ಒಂದನ್ನು ಸೇರಿಸಿಕೊಳ್ಳಿ. ಮಗು ಮನೆಯಲ್ಲಿ ಆರಾಮಾಗಿ ಕನ್ನಡದಲ್ಲಿ ಮಾತಾಡುವ, ಅಜ್ಜಿಯ ಜೊತೆ ಜಗಳವಾಡುವ, ಹಟ ಮಾಡುವ ವಿಡಿಯೊಗಳು ಫೋನಿನಲ್ಲಿರಲಿ. ಅದು ಏಕೆ ಅಂತ ಮುಂದೆ ತಿಳಿಯುತ್ತದೆ.

ಶಾಲೆಗೆ ಸೇರಿಸುವ ದಿನ ಒಂದು ಫಾರ್ಮ್ ಕೊಡುತ್ತಾರೆ, ಹೋಮ್ ಲ್ಯಾಂಗ್ವೇಜ್ ಸರ್ವೆ. ಮನೆಯಲ್ಲಿ ಯಾವ ಭಾಷೆ, ಮಗು ಹೆಚ್ಚಾಗಿ ಆಡುವ ಭಾಷೆ ಯಾವುದು, ಇಷ್ಟೇ. ನಾನು ಇಂಗ್ಲಿಷ್ ಅಂತ ಬರೆದೆ. ಹೊಸ ಊರು, ಕನ್ನಡ ಅಂದರೆ ಹಿಂದುಳಿದವರು ಅಂದುಕೊಂಡಾರು ಅನ್ನುವ ಅಳುಕು. ಪಕ್ಕದಲ್ಲಿದ್ದ ನಮ್ಮವರೊಬ್ಬರು "ಇಂಗ್ಲಿಷ್ ಅಂತನ ಬರೀರಿ, ಇಲ್ಲಂದ್ರ ಬ್ಯಾರೆ ಕ್ಲಾಸಿಗೆ ಹಾಕ್ತಾರ" ಅಂತ ಬೇರೆ ಹೆದರಿಸಿದರು. ಮನೆಯಲ್ಲಿ ನನ್ನ ಹುಡುಗನಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದುದು ಬಣ್ಣಗಳ ಹೆಸರು ಮತ್ತು ಒಂದೆರಡು ರೈಮ್ಸ್. ಅಷ್ಟಕ್ಕೆ ನಾನು ಅವನನ್ನು ಇಂಗ್ಲಿಷ್ ಮನೆಯ ಮಗ ಮಾಡಿಬಿಟ್ಟೆ.

ಮುಂದೆ ಮಾತಿನ ಪರೀಕ್ಷೆ ಬಂತು, ಪೂರ್ತಿ ಇಂಗ್ಲಿಷಿನಲ್ಲಿ. ಚಿತ್ರದ ಪುಸ್ತಕ ತಿರುವುತ್ತಾ ಪರೀಕ್ಷೆ ಮಾಡುವಾಕೆ ಕೇಳುತ್ತಾ ಹೋದಳು. ಉಣ್ಣೆಯ ಕೈಗವಸಿನ ಚಿತ್ರ ಬಂದಾಗ ಇವನು "ಕೈದು ಸಾಕ್ಸ್" ಅಂದ. ಬಾಗಲಕೋಟೆ ಬಿಸಿಲಿನಲ್ಲಿ ಬೆಳೆದವನು ಮತ್ತೇನು ಅಂದಾನು? ಕುಂಬಳಕಾಯಿಗೆ "ಕುಂಬಳಕಾಯಿ" ಅಂತ ಸರಿಯಾಗಿಯೇ ಅಂದ. ವರದಿಯಲ್ಲಿ ಎರಡೂ ಕಡೆ ಇದ್ದದ್ದು "ಉತ್ತರವಿಲ್ಲ". ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ, ನೋಡಿದಾಗೆಲ್ಲ ಮೈ ಉರಿಯುತ್ತದೆ. ಆಕೆಯ ಮೇಲಲ್ಲ, ಆ ಫಾರ್ಮು ತುಂಬಿದ ಕೈಯ ಮೇಲೆ.

ಕಾನೂನು ನಮ್ಮ ಪರವಾಗಿಯೇ ಇತ್ತು. ಇಡೀ ಅಮೆರಿಕಕ್ಕೆ ಅನ್ವಯಿಸುವ, ಅಂಗವಿಕಲ ಮಕ್ಕಳ ಶಿಕ್ಷಣದ ಐಡಿಇಎ ಕಾಯ್ದೆ, 1975ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿ 1990ರಲ್ಲಿ ಈ ಹೆಸರು ಪಡೆದದ್ದು, ಸಾಧ್ಯವಿರುವಲ್ಲೆಲ್ಲ ಮಗುವಿನ ಭಾಷೆಯಲ್ಲೇ ಪರೀಕ್ಷೆ ಮಾಡಬೇಕು ಅನ್ನುತ್ತದೆ. ಇಂಗ್ಲಿಷ್ ಬಾರದ್ದೇ ಮುಖ್ಯ ಕಾರಣವಾಗಿದ್ದರೆ ಅದನ್ನು ನ್ಯೂನತೆ ಅಂತ ತೀರ್ಮಾನಿಸುವಂತಿಲ್ಲ. ಇದರ ಉಲ್ಟಾ ತಪ್ಪೂ ನಡೆಯುತ್ತದೆ. ನಿಜವಾಗಿ ತೊಂದರೆ ಇರುವ ಮಗುವನ್ನು "ಮೊದಲು ಇಂಗ್ಲಿಷ್ ಕಲಿಯಲಿ, ಆಮೇಲೆ ನೋಡೋಣ" ಅಂತ ವರ್ಷಗಟ್ಟಲೆ ಕೂರಿಸುತ್ತಾರೆ. ಅದೂ ಸಲ್ಲದು. ಇಂಗ್ಲಿಷ್ ಕಲಿಸುವ ಸೇವೆ, ವಿಶೇಷ ಶಿಕ್ಷಣ ಎರಡನ್ನೂ ಒಟ್ಟಿಗೇ ಕೊಡಬಹುದು. ಶಾಲೆಯ ಪರೀಕ್ಷೆ ಒಪ್ಪಿಗೆಯಾಗದಿದ್ದರೆ ಶಾಲೆಯ ಖರ್ಚಿನಲ್ಲೇ ಹೊರಗಿನ ತಜ್ಞರಿಂದ ಮತ್ತೊಂದು ಪರೀಕ್ಷೆ ಕೇಳಬಹುದು. ನಮ್ಮದು ಹಾಗೆಯೇ ದಾರಿಗೆ ಬಂತು, ಕನ್ನಡ ದುಭಾಷಿಯ ಜೊತೆ. ಆಗ ಕೆಲಸಕ್ಕೆ ಬಂದದ್ದು ಅಜ್ಜಿಯ ಜೊತೆ ಜಗಳವಾಡುವ ಆ ವಿಡಿಯೊಗಳೇ. ಮನೆಯಲ್ಲಿ ಮರಾಠಿ, ಉರ್ದು ಕೂಡ ಇರುವ ಬೆಳಗಾವಿ, ವಿಜಯಪುರದ ಮನೆಯವರು ಅದನ್ನೂ ಬಾಯಿಬಿಟ್ಟು ಹೇಳಿ.

ನಾವು ಮಾಡುವ ಎರಡನೆಯ ತಪ್ಪು ಬಾಯಿಮಾತು. "ಟೀಚರಿಗೆ ಹೇಳೇನ್ರಿ, ನೋಡ್ತೀನಿ ಅಂದಾರ" ಅಂತ ನೆಮ್ಮದಿಯಾಗಿ ಕೂತವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಆಲಮಟ್ಟಿ ಹಿನ್ನೀರಿಗೆ ಮನೆ ಕೊಟ್ಟು ನವನಗರಕ್ಕೆ ಬಂದವರ ಮಕ್ಕಳು ನಾವು. ಪರಿಹಾರದ ಫೈಲು ಕಂಕುಳಲ್ಲಿಟ್ಟುಕೊಂಡು ಕಚೇರಿಯಿಂದ ಕಚೇರಿಗೆ ಅಲೆದ ಅಪ್ಪಂದಿರನ್ನು ನೋಡಿದವರು. ಬರಹ ಇಲ್ಲದ ಮಾತಿಗೆ ಕಿಮ್ಮತ್ತಿಲ್ಲ ಅಂತ ನಮಗೆ ಬೇರೆ ಯಾರೂ ಕಲಿಸಬೇಕಿಲ್ಲ. ಇಲ್ಲಿಯೂ ಅದೇ ಲೆಕ್ಕ. ಸ್ಕೂಲ್ ಡಿಸ್ಟ್ರಿಕ್ಟಿನ (ಜಿಲ್ಲೆಯಲ್ಲ, ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಸ್ಪೆಷಲ್ ಎಜುಕೇಶನ್ ಡೈರೆಕ್ಟರಿಗೆ ಇಮೇಲ್ ಬರೆಯಿರಿ, ಪ್ರಿನ್ಸಿಪಾಲರಿಗೂ ಪ್ರತಿ ಹಾಕಿ: "ನನ್ನ ಮಗುವಿಗೆ ವಿಶೇಷ ಶಿಕ್ಷಣಕ್ಕಾಗಿ ಪೂರ್ಣ ಮೌಲ್ಯಮಾಪನ ಮಾಡಿ." ಟೆಕ್ಸಸ್‌ನಲ್ಲಿ 15 ಶಾಲಾ ದಿನಗಳೊಳಗೆ ಅವರು ಮಾಡುತ್ತೇವೆ ಅಥವಾ ಇಲ್ಲ ಅಂತ ಕಾರಣ ಸಮೇತ ಬರವಣಿಗೆಯಲ್ಲಿ ಉತ್ತರ ಕೊಡಬೇಕು. ನೀವು ಒಪ್ಪಿಗೆ ಸಹಿ ಹಾಕಿದ ಮೇಲೆ ಸಾಮಾನ್ಯವಾಗಿ 45 ಶಾಲಾ ದಿನಗಳೊಳಗೆ ವರದಿ ಬರಬೇಕು. ಬೇಸಿಗೆ ರಜೆ ಈ ಎಣಿಕೆಗೆ ಸೇರುವುದಿಲ್ಲ. ಮೇ ತಿಂಗಳವರೆಗೆ ಕಾದು ಬರೆದವರು ಒಂದು ವರ್ಷ ಕಳೆದುಕೊಂಡಂತೆಯೇ.

ಟೀಚರುಗಳು "ಸ್ವಲ್ಪ ಕಾಯೋಣ" ಅನ್ನುವುದಕ್ಕೆ ಈ ರಾಜ್ಯದಲ್ಲಿ ಒಂದು ಹಳೆಯ ಕಥೆಯಿದೆ. 2004ರಿಂದ ಟೆಕ್ಸಸ್ ಶಿಕ್ಷಣ ಇಲಾಖೆ ಡಿಸ್ಟ್ರಿಕ್ಟುಗಳಿಗೆ ಒಂದು ಗುರಿ ಕೊಟ್ಟಿತ್ತು: ವಿಶೇಷ ಶಿಕ್ಷಣದಲ್ಲಿರುವ ಮಕ್ಕಳು ಶೇ. 8.5ರ ಆಸುಪಾಸಿನಲ್ಲಿರಬೇಕು. ಸಹಾಯ ಬೇಕಿದ್ದ ಸಾವಿರಾರು ಮಕ್ಕಳು ಹೊರಗುಳಿದರು. 2016ರಲ್ಲಿ ಹೂಸ್ಟನ್ ಕ್ರಾನಿಕಲ್ ಪತ್ರಿಕೆ ಇದನ್ನು ಬಯಲಿಗೆಳೆಯಿತು, 2017ರಲ್ಲಿ ಶಾಸನಸಭೆ ಆ ಮಿತಿಯನ್ನು ರದ್ದು ಮಾಡಿತು, 2018ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಟೆಕ್ಸಸ್ ಕಾನೂನು ಮುರಿದಿದೆ ಅಂತ ಹೇಳಿತು. ನಿಯಮ ಹೋಯಿತು, ರೂಢಿ ಅಷ್ಟು ಬೇಗ ಹೋಗುವುದಿಲ್ಲ. ಈಗ ದಿಕ್ಕು ಬದಲಾಗಿದೆ. 2023ರ ಕಾನೂನಿನಿಂದ ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು) ಅನುಮಾನವಿದ್ದರೂ ಐಡಿಇಎ ಪ್ರಕಾರ ಪೂರ್ಣ ಮೌಲ್ಯಮಾಪನವೇ ಆಗಬೇಕು. 2025ರ ಹೌಸ್ ಬಿಲ್ 2ರಲ್ಲಿ ಪ್ರತಿ ಮೊದಲ ಮೌಲ್ಯಮಾಪನಕ್ಕೆ ಡಿಸ್ಟ್ರಿಕ್ಟಿಗೆ 1,000 ಡಾಲರ್ ಕೊಡುವ ವ್ಯವಸ್ಥೆ ಬಂದಿದೆ. ಮಗು ಯಾವ ಬಗೆಯ ಕೋಣೆಯಲ್ಲಿ ಕೂರುತ್ತದೆ ಅನ್ನುವುದರ ಬದಲು ಅದಕ್ಕೆ ಎಷ್ಟು ಸೇವೆ ಬೇಕು ಅನ್ನುವುದನ್ನು ನೋಡಿ 2026-27ರಿಂದ ಹಣ ಹಂಚಬೇಕು. ಹಾಗಾಗಿ ಸೇವೆಯ ನಿಮಿಷಗಳು ಐಇಪಿಯಲ್ಲಿ ಸ್ಪಷ್ಟವಾಗಿ ಬರೆದಿವೆಯೇ ನೋಡಿಕೊಳ್ಳಿ.

ಐಇಪಿ ಅಂದರೆ ಆ ಮಗುವಿಗೆಂದೇ ಬರೆದ ವರ್ಷದ ಯೋಜನೆ. ಅದನ್ನು ತೀರ್ಮಾನಿಸುವ ಸಭೆಗೆ ಟೆಕ್ಸಸ್‌ನಲ್ಲಿ ಎಆರ್‌ಡಿ ಅನ್ನುತ್ತಾರೆ. ನಮ್ಮ ಜನ ಸೋಲುವುದು ಇಲ್ಲಿಯೇ. ಮೇಜಿನ ಸುತ್ತ ಏಳೆಂಟು ಜನ, ಎಲ್ಲರ ಮುಂದೆ ಲ್ಯಾಪ್‌ಟಾಪ್, ಎಲ್ಲರ ಮುಖದಲ್ಲೂ ನಗು. ನಮಗೋ ಮಾಸ್ತರರ ಮುಂದೆ ಕೈಕಟ್ಟಿ ನಿಂತು ರೂಢಿ. ಅವರು ಓದಿದ್ದಕ್ಕೆಲ್ಲ ತಲೆ ಆಡಿಸಿ, ಸಹಿ ಹಾಕಿ, ಹೊರಗೆ ಬಂದು ಕಾರಿನಲ್ಲಿ ಗಂಡ-ಹೆಂಡತಿ "ಏನಂದ್ರು?" ಅಂತ ಒಬ್ಬರನ್ನೊಬ್ಬರು ಕೇಳುವುದು. ಕನ್ನಡ ಮೀಡಿಯಂನಲ್ಲಿ ಓದಿದ ತಾಯಂದಿರು, ಮಗುವಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ಗೊತ್ತಿರುವವರು, ಆ ಕೋಣೆಯಲ್ಲಿ ಬಾಯಿಯನ್ನೇ ತೆರೆಯುವುದಿಲ್ಲ. ದುಭಾಷಿ ಬೇಕು ಅಂತ ಮುಂಚೆಯೇ ಬರೆದು ಕೇಳಿ. ಫೋನಿನಲ್ಲಾದರೂ ಒದಗಿಸುತ್ತಾರೆ, ದುಡ್ಡು ಕೊಡಬೇಕಿಲ್ಲ. ಇಂಗ್ಲಿಷ್ ಬಾರದ ಪೋಷಕರಿಗೆ ಐಇಪಿಯನ್ನು ಅವರ ಭಾಷೆಯಲ್ಲಿ ಬರೆದೋ ಧ್ವನಿಮುದ್ರಿಸಿಯೋ ಕೊಡಲು ಡಿಸ್ಟ್ರಿಕ್ಟ್ ಪ್ರಾಮಾಣಿಕವಾಗಿ ಪ್ರಯತ್ನಿಸಬೇಕು ಅಂತ ಟೆಕ್ಸಸ್ ನಿಯಮವೇ ಇದೆ.

ಒಪ್ಪದಿದ್ದರೆ "ಒಪ್ಪುವುದಿಲ್ಲ" ಅಂತ ಗುರುತು ಮಾಡಿ. ಯಾರೂ ಸಿಟ್ಟಾಗುವುದಿಲ್ಲ. ಸಿಟ್ಟಾದರೂ ಅದು ಅವರ ತಲೆಬಿಸಿ, ನಿಮ್ಮದಲ್ಲ. ಸಭೆಯನ್ನು 10 ಶಾಲಾ ದಿನಗಳೊಳಗೆ ಮತ್ತೆ ಸೇರುವಂತೆ ಮುಂದೂಡಲು ಅವಕಾಶವಿದೆ. ಗುರಿಗಳ ಪಟ್ಟಿಯಲ್ಲಿ "ಸುಧಾರಿಸುತ್ತಾನೆ" ಅಂತಷ್ಟೇ ಬರೆದಿದ್ದರೆ ಈಗ ಎಲ್ಲಿದ್ದಾನೆ, ವರ್ಷದ ಕೊನೆಗೆ ಎಲ್ಲಿಗೆ ಮುಟ್ಟಬೇಕು, ಅಳೆಯುವವರು ಯಾರು ಅಂತ ಕೇಳಿ. ಹೆಸರಿಗಷ್ಟೇ ಪ್ರಗತಿ ಸಾಲದು, ಆ ಮಗುವಿನ ಪರಿಸ್ಥಿತಿಗೆ ತಕ್ಕ ಪ್ರಗತಿ ಆಗುವಂಥ ಯೋಜನೆ ಇರಬೇಕು ಅಂತ ಅಮೆರಿಕದ ಸುಪ್ರೀಂ ಕೋರ್ಟೇ 2017ರ ಎಂಡ್ರೂ ಎಫ್. ತೀರ್ಪಿನಲ್ಲಿ ಹೇಳಿದೆ. ಒಬ್ಬರೇ ಹೋಗಲು ಅಂಜಿಕೆಯಿದ್ದರೆ ಪಾರ್ಟನರ್ಸ್ ರಿಸೋರ್ಸ್ ನೆಟ್‌ವರ್ಕ್ ಅನ್ನುವ ಸಂಸ್ಥೆ ಟೆಕ್ಸಸ್ ಪೋಷಕರಿಗೆ ಉಚಿತವಾಗಿ ದಾರಿ ತೋರಿಸುತ್ತದೆ.

ವೀಸಾ ಹೆದರಿಕೆ ಬಿಡಿ. ಅಪ್ಪ-ಅಮ್ಮನ ಕೆಲಸದ ವೀಸಾ ಮೇಲೆ ಬಂದ ಎಚ್-4 ಮಗುವಿಗೂ ಈ ಹಕ್ಕು ಪೂರ್ತಿ ಇದೆ. 1982ರ ಪ್ಲೈಲರ್ ತೀರ್ಪು ಬಂದದ್ದೂ ಟೆಕ್ಸಸ್‌ನ ಪ್ರಕರಣದಲ್ಲಿಯೇ, ಕಾಗದವಿಲ್ಲದ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಅಂತ. ವಾಷಿಂಗ್ಟನ್‌ನಲ್ಲಿ ಶಿಕ್ಷಣ ಇಲಾಖೆಯನ್ನೇ ಮುಚ್ಚುವ ಆದೇಶಕ್ಕೆ 2025ರ ಮಾರ್ಚ್‌ನಲ್ಲಿ ಅಧ್ಯಕ್ಷರು ಸಹಿ ಹಾಕಿದಾಗ ನಮ್ಮ ಗುಂಪಿನಲ್ಲಿ ದೊಡ್ಡ ಗದ್ದಲವಾಯಿತು. ಐಡಿಇಎ ಸಂಸತ್ತು ಮಾಡಿದ ಕಾಯ್ದೆ, ಒಂದು ಆದೇಶದಿಂದ ಅದು ಹೋಗುವುದಿಲ್ಲ. ದೂರು ಕೇಳುವ ಸಿಬ್ಬಂದಿ ಕಡಿಮೆಯಾದರೆ ಕಷ್ಟ ನಿಜ. ಬರವಣಿಗೆಯಲ್ಲಿರಲಿ ಅಂತ ನಾನು ಪದೇ ಪದೇ ಬಡಿದುಕೊಳ್ಳುವುದು ಇದಕ್ಕೇ.

ಈಗ ನಮ್ಮ ಜನಕ್ಕೆ ತುಂಬ ಹಿಡಿಸುವ ಹೊಸ ಆಸೆಯೊಂದು ಬಂದಿದೆ. 2025ರ ಸೆನೆಟ್ ಬಿಲ್ 2 ಪ್ರಕಾರ ಖಾಸಗಿ ಶಾಲೆಗೆ ರಾಜ್ಯದ ಹಣ, 2026-27ರಿಂದ. ಐಇಪಿ ಇರುವ ಮಗುವಿಗೆ ವರ್ಷಕ್ಕೆ 30,000 ಡಾಲರ್‌ವರೆಗೂ. ಪ್ರೈವೇಟ್ ಅಂದ ಕೂಡಲೇ ನಮ್ಮವರ ಕಣ್ಣು ಅರಳುತ್ತದೆ. ಫೀ ಹೆಚ್ಚಿದ್ದರೆ ಶಾಲೆ ಒಳ್ಳೆಯದು ಅನ್ನುವ ಕಾನ್ವೆಂಟ್ ನಂಬಿಕೆ ಸಮುದ್ರ ದಾಟಿದರೂ ಸಾಯಲಿಲ್ಲ. ಸ್ವಲ್ಪ ತಡೆಯಿರಿ. ನೀವಾಗಿಯೇ ಖಾಸಗಿ ಶಾಲೆಗೆ ಸೇರಿಸಿದ ಮಗುವಿಗೆ ಐಡಿಇಎ ಕೊಡುವ ವೈಯಕ್ತಿಕ ಹಕ್ಕು ಉಳಿಯುವುದಿಲ್ಲ. ಆ ಶಾಲೆ ಐಇಪಿ ಪಾಲಿಸಲೇಬೇಕು ಅಂತಿಲ್ಲ, ಮಗುವನ್ನು ಸೇರಿಸಿಕೊಳ್ಳಲೇಬೇಕು ಅಂತಲೂ ಇಲ್ಲ. ಕೆಲವು ಮಕ್ಕಳಿಗೆ ಅದೇ ಸರಿಹೋಗಬಹುದು. ಏನನ್ನು ಬಿಟ್ಟುಕೊಡುತ್ತಿದ್ದೀರಿ ಅಂತ ಗೊತ್ತಿದ್ದು ಹೋಗಿ.

ಮನೆಯೊಳಗಿನ ಮಾತಿಗೆ ಬರುತ್ತೇನೆ. ಮಾತು ತಡವಾದ ಮಗುವಿಗೆ ಎರಡು ಭಾಷೆ ಭಾರ, ಮನೆಯಲ್ಲೂ ಇಂಗ್ಲಿಷೇ ಆಡಿ ಅಂತ ಸಲಹೆ ಕೊಡುವವರು ಇನ್ನೂ ಸಿಗುತ್ತಾರೆ. ಎರಡು ಭಾಷೆಯಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಅನ್ನುವುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ನಾವು ಮಾತ್ರ ಆ ಸಲಹೆ ಕೇಳಿ ಕನ್ನಡ ನಿಲ್ಲಿಸಿದ್ದೆವು. ನನ್ನ ಇಂಗ್ಲಿಷಿನಲ್ಲಿ ಬೈಯಲು ಬರುತ್ತಿರಲಿಲ್ಲ, ಮುದ್ದು ಮಾಡಲೂ ಬರುತ್ತಿರಲಿಲ್ಲ, ಬರೀ ಆರ್ಡರ್ ಕೊಡುತ್ತಿದ್ದೆ. ಅತ್ತ ನವನಗರದಲ್ಲಿ ಅಜ್ಜಿ ಫೋನಿನ ಪರದೆಗೆ ಮುಖವಿಟ್ಟು "ಏನ್ ಉಂಡ್ಯೋ ಕೂಸ?" ಅನ್ನುತ್ತಿದ್ದಳು. ಇವನು ಪರದೆ ನೋಡುತ್ತಿದ್ದ, ಉತ್ತರ ಕೊಡುತ್ತಿರಲಿಲ್ಲ. "ಅವಗ ನನ್ನ ಗುರುತ ಹತ್ತವಲ್ದು" ಅಂತ ಆಕೆ ಅಂದಾಗ ಆ ಪ್ರಯೋಗ ಅಲ್ಲಿಗೇ ನಿಲ್ಲಿಸಿದೆವು. ಈಗ ಹುಡುಗ ಎರಡರಲ್ಲೂ ತೊದಲುತ್ತಾನೆ, ಎರಡರಲ್ಲೂ ಹಟ ಮಾಡುತ್ತಾನೆ. ಎಳ್ಳಮವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಲು ಅಜ್ಜನ ಜೊತೆ ಓಡುವ ಮಕ್ಕಳ ಸಾಲಿನಲ್ಲಿ ಇವನಿಲ್ಲ. ಅದನ್ನು ಯಾವ ಐಇಪಿಯೂ ತುಂಬಿಕೊಡುವುದಿಲ್ಲ. ಅಲ್ಲಿದ್ದಿದ್ದರೆ ಆ ಸಾಲಿನಲ್ಲಿ ಅವನನ್ನು ಬಿಡುತ್ತಿದ್ದರೋ, "ಅಂವಗ ತಿಳಿಯಂಗಿಲ್ಲ" ಅಂತ ಬಂಡಿಯಲ್ಲೇ ಕೂರಿಸುತ್ತಿದ್ದರೋ, ಅದನ್ನೂ ಯೋಚಿಸುತ್ತೇನೆ.

ಮಗು ದೊಡ್ಡದಾಗಿದ್ದರೆ ಎರಡು ವಯಸ್ಸು ನೆನಪಿರಲಿ. ಟೆಕ್ಸಸ್‌ನಲ್ಲಿ 14ಕ್ಕೆ ಶಾಲೆಯ ಮುಂದಿನ ಬದುಕಿನ ಯೋಜನೆ ಐಇಪಿಯಲ್ಲಿ ಶುರುವಾಗಬೇಕು. 18 ತುಂಬಿದ ದಿನ ಸಹಿ ಹಾಕುವ ಹಕ್ಕು ನಿಮ್ಮಿಂದ ಮಗುವಿಗೆ ಹೋಗುತ್ತದೆ. ಅಪ್ಪ-ಅಮ್ಮ ಅನ್ನುವ ಸಲಿಗೆ ಅಲ್ಲಿ ನಡೆಯುವುದಿಲ್ಲ. ಎಲ್ಲಕ್ಕೂ ಪಾಲಕತ್ವಕ್ಕೆ ಕೋರ್ಟಿಗೆ ಹೋಗಬೇಕಿಲ್ಲ. ಮಗುವೇ ನಿರ್ಧರಿಸಿ, ನೀವು ಜೊತೆಗಿದ್ದು ನೆರವಾಗುವ ಒಪ್ಪಂದಕ್ಕೆ 2015ರಿಂದ ಇಲ್ಲಿ ಕಾನೂನಿದೆ.

ವಾಪಸು ಬೆಳಗಾವಿಗೋ ವಿಜಯಪುರಕ್ಕೋ ಹೊರಡುವವರು ಶಾಲೆಯಿಂದ ಪೂರ್ತಿ ಫೈಲಿನ ಪ್ರತಿ ಬರೆದು ಕೇಳಿ ತೆಗೆದುಕೊಳ್ಳಿ. ಐಇಪಿಗೆ ಊರಿನಲ್ಲಿ ಕಾನೂನಿನ ಬಲವಿಲ್ಲ. ಅಲ್ಲಿ ನಡೆಯುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದರ 21 ಬಗೆಗಳಲ್ಲಿ ಆಟಿಸಂ, ಕಲಿಕಾ ನ್ಯೂನತೆ ಎರಡೂ ಇವೆ. ಆದರೆ ಸೌಲಭ್ಯ ಸಿಗುವುದು ಪ್ರಮಾಣಪತ್ರದ ಶೇಕಡಾವಾರಿನ ಮೇಲೆ, ಯುಡಿಐಡಿಯ ಮೇಲೆ. ಹೋದ ಕೂಡಲೇ ಅದಕ್ಕೆ ಅರ್ಜಿ ಹಾಕಿ, ತಾಲೂಕಿನ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗೆಂದು ಇರುವ ಶಿಕ್ಷಕರು) ಯಾರು ಅಂತ ಬಿಇಒ ಕಚೇರಿಯಲ್ಲಿ ಕೇಳಿ, ಇಲ್ಲಿನ ಸ್ಪೀಚ್ ವರದಿಯನ್ನು ಅವರ ಕೈಗೆ ಕೊಡಿ. ಎಸ್‌ಎಸ್‌ಎಲ್‌ಸಿ ರಿಯಾಯಿತಿಗೆ ಶಾಲೆಯ ಮೂಲಕವೇ ಅರ್ಜಿ ಹೋಗಬೇಕು, ಅದಕ್ಕೆ ಒಂಬತ್ತನೇ ಕ್ಲಾಸಿನಲ್ಲೇ ಹೆಡ್‌ಮಾಸ್ತರರ ಹಿಂದೆ ಬೀಳಿ. ಪರೀಕ್ಷೆಯ ಹಿಂದಿನ ತಿಂಗಳು ಓಡಾಡಿದರೆ ಏನೂ ಆಗುವುದಿಲ್ಲ.