ಎನ್‌ಐಪಿಟಿ ರಕ್ತ: ರಾಯಚೂರಿನ ಬಿಸಿಲಲ್ಲಿ ತೆಗೆದು ಕಳಿಸುವ ಬಗೆ

ಎನ್‌ಐಪಿಟಿ ಎಂದರೆ ಬಸಿರಿಯ ರಕ್ತದಿಂದಲೇ ಮಗುವಿನ ವರ್ಣತಂತು ದೋಷದ ಸಾಧ್ಯತೆ ನೋಡುವ ಪರೀಕ್ಷೆ. ತಾಯಿಯ ರಕ್ತದಲ್ಲಿ ತೇಲುವ 'ಮಗುವಿನ ಡಿಎನ್‌ಎ' ಬಹುಪಾಲು ಬರುವುದು ಮಾಸಿನಿಂದ. ಸತ್ತ ಜೀವಕೋಶಗಳ ಚೂರುಗಳವು. 10 ವಾರ ದಾಟಿದ ಮೇಲೆ ಪ್ಲಾಸ್ಮಾದ (ಕಣಗಳನ್ನು ಬಿಟ್ಟು ಉಳಿವ ರಕ್ತದ ದ್ರವ) ಬಿಡಿ ಡಿಎನ್‌ಎಯಲ್ಲಿ ಇದರ ಪಾಲು ಸುಮಾರು 10%, ಉಳಿದದ್ದು ತಾಯಿಯದೇ. 4%ಗಿಂತ ಇಳಿದರೆ ಎಷ್ಟೋ ಲ್ಯಾಬ್‌ಗಳು ವರದಿ ಕೊಡುವುದಿಲ್ಲ. ಟ್ಯೂಬಿನೊಳಗೆ ತಾಯಿಯ ಬಿಳಿ ರಕ್ತಕಣ ಒಡೆದರೆ ಅವಳ ಡಿಎನ್‌ಎ ಸುರಿದು ಮಗುವಿನ ಪಾಲು ತೆಳುವಾಗುತ್ತದೆ. ಅದನ್ನು ತಡೆಯುವುದಷ್ಟೇ ರಕ್ತ ತೆಗೆಯುವವರ ಕೈಲಿರುವುದು.

ಸೂಜಿಗೆ ಮೊದಲು ಸ್ಕ್ಯಾನ್ ನೋಡಿ. 'ಯುಗಾದಿ ಆದ ಮ್ಯಾಲೆ ಮುಟ್ಟಾಗಿಲ್ರೀ' ಎಂಬ ಲೆಕ್ಕ ಸಾಲದು; 10 ವಾರ ತುಂಬಿರಬೇಕು. ಅವಳಿ ಇದ್ದು ಒಂದು ಕರಗಿದ್ದರೆ ಅದರ ಡಿಎನ್‌ಎ ವಾರಗಟ್ಟಲೆ ಉಳಿದು ಫಲಿತಾಂಶವನ್ನೇ ತಪ್ಪಿಸುತ್ತದೆ. ತೂಕ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇಂಜೆಕ್ಷನ್, ಇತ್ತೀಚೆಗೆ ರಕ್ತ ಹಾಕಿಸಿದ್ದು, ಎಲ್ಲವನ್ನೂ ಫಾರಂನಲ್ಲಿ ಬರೆಯಿರಿ. ಉಪವಾಸ ಬೇಕಿಲ್ಲ.

ರಕ್ತಕಣ ಒಡೆಯದಂತೆ ಔಷಧ ಹಾಕಿರುವ ಸ್ಟ್ರೆಕ್ ಟ್ಯೂಬಿಗೆ ಪೂರ್ತಿ 10 ಎಂಎಲ್ ತುಂಬಿಸಿ. ಕಡಿಮೆಯಾದರೆ ಒಳಗಿನ ಔಷಧದ ಅಳತೆ ಕೆಡುತ್ತದೆ. ಕೈ ಕೆಳಮುಖವಾಗಿರಲಿ. ಕೂಡಲೇ 8–10 ಸಲ ನಿಧಾನಕ್ಕೆ ತಲೆಕೆಳಗು ಮಾಡಿ, ಕುಲುಕಬೇಡಿ. ಹೆಪ್ಪುಗಟ್ಟುವುದನ್ನಷ್ಟೇ ತಡೆಯುವ ಮಾಮೂಲಿ ಇಡಿಟಿಎ ಟ್ಯೂಬಾದರೆ ಸುಮಾರು 6 ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಬೇಕು. ಬೆಂಗಳೂರಿನ ರಾತ್ರಿ ಬಸ್ಸಿಗೆ ಕೊಡುವ ರಕ್ತಕ್ಕೆ ಅದು ಆಗುವ ಮಾತಲ್ಲ.

ಸ್ಟ್ರೆಕ್ ತಾಳುವುದು 6ರಿಂದ 37 ಡಿಗ್ರಿ. ಏಪ್ರಿಲ್-ಮೇನಲ್ಲಿ ನಮ್ಮೂರಿನ ನೆರಳೇ 40 ದಾಟುತ್ತದೆ. ಬೈಕಿನ ಡಿಕ್ಕಿಯ ಮಾತು ಬಿಡಿ. ಹಾಗಂತ ಫ್ರಿಜ್ಜಿಗೋ ಐಸಿಗೋ ಇಟ್ಟರೂ ಕೆಟ್ಟಿತು. ಸಂಜೆ ರಕ್ತ ತೆಗೆಯಿರಿ. ಟ್ಯೂಬಿಗೆ ಎರಡು ಸುತ್ತು ದಿನಪತ್ರಿಕೆ ಸುತ್ತಿ ಥರ್ಮಾಕೋಲ್ ಡಬ್ಬಿಯಲ್ಲಿಡಿ. ಜೆಲ್ ಪ್ಯಾಕ್ ಹಾಕುವುದಾದರೆ ಹೆಪ್ಪುಗಟ್ಟಿದ್ದು ಬೇಡ, ತಂಪಾಗಿದ್ದರೆ ಸಾಕು, ಅದೂ ಟ್ಯೂಬಿಗೆ ತಾಗದಂತೆ.

'ಫಲಿತಾಂಶ ಇಲ್ಲ' ಎಂದು ಬಂದರೆ ರಕ್ತ ಕೆಟ್ಟಿತೆಂದು ಸುಮ್ಮನಾಗಬೇಡಿ. ಮಗುವಿನ ಪಾಲು ಕಡಿಮೆಯಿರುವುದು ತಾಯಿಯ ತೂಕದಿಂದಿರಬಹುದು, ಟ್ರೈಸೋಮಿ 13, 18ರಿಂದಲೂ (ಆ ಸಂಖ್ಯೆಯ ವರ್ಣತಂತು ಎರಡರ ಬದಲು ಮೂರಿರುವ ದೋಷ) ಇರಬಹುದು; ವೈದ್ಯರಿಗೆ ತಿಳಿಸಿಯೇ ಮರುರಕ್ತ ತೆಗೆಯಿರಿ. 'ಹೈ ರಿಸ್ಕ್' ಎಂದರೂ ಅದು ಮಾಸಿನ ಸುದ್ದಿ, ಮಗುವಿನದೇ ಎಂದಲ್ಲ: 15 ವಾರ ತುಂಬಿದ ಮೇಲೆ ಆಮ್ನಿಯೋಸೆಂಟೆಸಿಸ್ (ಗರ್ಭದ ನೀರು ತೆಗೆದು ಮಾಡುವ ಪರೀಕ್ಷೆ) ಆಗದೆ ಯಾವ ತೀರ್ಮಾನವೂ ಬೇಡ. ಗಂಡೋ ಹೆಣ್ಣೋ ಎಂದು ಅತ್ತೆ ಎಷ್ಟು ಕೇಳಿದರೂ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಪ್ರಕಾರ ಹೇಳುವಂತಿಲ್ಲ.

ಪ್ರಿಎಕ್ಲಾಂಪ್ಸಿಯಾದಲ್ಲಿ (ಬಸಿರಲ್ಲಿ ಬಿಪಿ ಏರುವ ಅಪಾಯದ ಕಾಯಿಲೆ) ಮಾಸು ಸವೆದು ಈ ಡಿಎನ್‌ಎ ಏರುವುದು ನಿಜ. ಆದರೆ ಅದನ್ನು ಹಿಡಿಯಲು ಈ ಪರೀಕ್ಷೆ ಬಳಸುವುದಿಲ್ಲ. ವರದಿ ಚೆನ್ನಾಗಿದೆಯೆಂದು ಬಿಪಿ ನೋಡುವುದನ್ನು ಬಿಟ್ಟವರೇ ಸಿಕ್ಕಿಬೀಳುವುದು. 20 ವಾರದ ನಂತರ 140/90 ಮುಟ್ಟಿದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ, ಪಕ್ಕೆಲುಬಿನ ಕೆಳಗೆ ನೋವೆದ್ದರೆ ಅವತ್ತೇ ಆಸ್ಪತ್ರೆಗೆ ಕಳಿಸಿ.