ಟೇಬಲ್ ಅಲುಗಿದರೆ ಮತ್ತೆ ಮೊದಲಿನಿಂದ

ಆಪರೇಷನ್‌ಗೆ ಮುಂಚೆ ರೋಗಿಯನ್ನು ನೋಡಲು ಹೋದಾಗ ನಾನು ತಪ್ಪದೆ ಕೇಳುವ ಒಂದು ಪ್ರಶ್ನೆಗೆ ಹಲವರು ನಗುತ್ತಾರೆ. "ರಾತ್ರಿ ಯಾವ ಕಡೆ ತಿರುಗಿ ಮಲಗ್ತೀರಿ? ಬೆಳಿಗ್ಗೆ ಏಳುವಾಗ ಕೈ ಜೋಮು ಹಿಡಿದಿರುತ್ತಾ?" ಅರಿವಳಿಕೆ ಡಾಕ್ಟರ್ ಬಿಪಿ, ಶುಗರ್ ಕೇಳುತ್ತಾರೆ ಅಂದುಕೊಂಡವರಿಗೆ ಇದು ಸುಮ್ನೆ ಹರಟೆಯ ಹಾಗೆ ಕಾಣುತ್ತದೆ. ನನಗೆ ಮಾತ್ರ ಈ ಉತ್ತರ ಬೇಕೇ ಬೇಕು. ಪ್ರಜ್ಞೆ ತಪ್ಪಿಸಿ ಟೇಬಲ್ ಮೇಲೆ ಮಲಗಿಸಿದವರ ಕೈಕಾಲಿನ ನರ ಒತ್ತಿಹೋಗದಂತೆ, ಎಳೆಯದಂತೆ ನೋಡಿಕೊಳ್ಳುವುದೂ ನನ್ನ ಕೆಲಸವೇ. ಆಗಾಗ ಕೈ ಮರಗಟ್ಟುವವರ ನರ ಈಗಾಗಲೇ ಎಲ್ಲೋ ಒತ್ತಿಕೊಂಡಿರಬಹುದು. ಅದೇ ನರಕ್ಕೆ ಇನ್ನೊಂದು ಜಾಗದಲ್ಲಿ ಸ್ವಲ್ಪ ಒತ್ತಡ ಬಿದ್ದರೂ ತಡೆಯುವುದಿಲ್ಲ. ಡಯಾಬಿಟಿಸ್ ಇರುವವರು, ತುಂಬಾ ತೆಳ್ಳಗಿರುವವರು, ತುಂಬಾ ದಪ್ಪಗಿರುವವರು, ಸಿಗರೇಟು ಸೇದುವವರು ಇದ್ದರೆ ಇನ್ನೂ ಹುಷಾರಾಗಿರುತ್ತೇನೆ. ಮೊದಲೇ ಜೋಮು ಇದ್ದರೆ ಆಗಲೇ ಕೇಸ್ ಶೀಟಿನಲ್ಲಿ ಬರೆದಿಡುತ್ತೇನೆ.

ಬೋರಲು ಮಲಗಿಸುವ ಕೇಸ್ ಆದರೆ ಎರಡೂ ಕೈಯನ್ನು ತಲೆಯ ಪಕ್ಕಕ್ಕೆ ಎತ್ತಿ ತೋರಿಸಲು ಹೇಳುತ್ತೇನೆ. ಎಚ್ಚರ ಇರುವಾಗ ಎಷ್ಟು ಎತ್ತಲು ಆಗುತ್ತದೋ, ಪ್ರಜ್ಞೆ ತಪ್ಪಿದ ಮೇಲೂ ಅಷ್ಟೇ. ಅದಕ್ಕಿಂತ ಜಾಸ್ತಿ ಇಲ್ಲ. ಸ್ನಾಯು ಸಡಿಲಿಸುವ ಔಷಧ ಕೊಟ್ಟ ಮೇಲೆ ಕೀಲು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಅದೇ ತೊಂದರೆ. ತಡೆಯುವ ಬಿಗಿ ಇಲ್ಲ, ನೋವು ಅಂತ ಹೇಳುವ ಬಾಯಿಯೂ ಇಲ್ಲ. ನರ ಎಳೆದಂತೆ, ಒತ್ತಿದಂತೆ ಅದಕ್ಕೆ ರಕ್ತ ಕೊಡುವ ಸಣ್ಣ ನಾಳಗಳೂ ಮುಚ್ಚಿಕೊಳ್ಳುತ್ತವೆ. ಅಂಗಾತ ಮಲಗುವವರನ್ನು ಔಷಧ ಕೊಡುವ ಮೊದಲೇ ಟೇಬಲ್ ಮೇಲೆ ಸರಿಯಾಗಿ ಮಲಗಿಸಿ, "ಎಲ್ಲಾದರೂ ಒತ್ತುತ್ತಾ?" ಅಂತ ಕೇಳುತ್ತೇನೆ. ಅವರಷ್ಟು ಚೆನ್ನಾಗಿ ಹೇಳುವ ಮಾನಿಟರ್ ಇನ್ನೂ ಬಂದಿಲ್ಲ.

ನನಗೆ ಅತಿ ಹೆಚ್ಚು ತಲೆಬಿಸಿ ಕೊಡುವುದು ಮೊಣಕೈ. ಅದರ ಒಳಬದಿಯ ಮೂಳೆಯ ಹಿಂದಿನ ಸಂದಿಯಲ್ಲಿ ಕಿರುಬೆರಳಿನ ಕಡೆಗೆ ಹೋಗುವ ಅಲ್ನಾರ್ ನರ ಹಾದುಹೋಗುತ್ತದೆ. ಮೇಲೆ ಚರ್ಮ ಬಿಟ್ಟರೆ ಹೆಚ್ಚೇನೂ ಇಲ್ಲ. ಕೈಯನ್ನು ಆರ್ಮ್ ಬೋರ್ಡ್ (ಟೇಬಲ್ ಪಕ್ಕದ ಕೈ ಹಲಗೆ) ಮೇಲೆ ಚಾಚಿದ್ದರೆ ಅಂಗೈ ಮೇಲೆ ನೋಡುವಂತೆ ಇಡುತ್ತೇನೆ. ಆಗ ಭಾರ ಆ ಸಂದಿಯ ಮೇಲೆ ಬೀಳುವುದಿಲ್ಲ. ಕೈಯನ್ನು ಮೈ ಪಕ್ಕದಲ್ಲೇ ಸೇರಿಸಿ ಕಟ್ಟಿದರೆ ಅಂಗೈ ತೊಡೆಯ ಕಡೆಗಿರಬೇಕು, ಹೆಬ್ಬೆರಳು ಮೇಲೆ. ಅಂಗಾತ ಮಲಗಿದವರ ತೋಳು ಮೈಯಿಂದ 90 ಡಿಗ್ರಿಗಿಂತ ಆಚೆ ಹೋಗಬಾರದು. ಹೋದರೆ ಕಂಕುಳಲ್ಲಿ ಬ್ರೇಕಿಯಲ್ ಪ್ಲೆಕ್ಸಸ್, ಅಂದರೆ ಕುತ್ತಿಗೆಯಿಂದ ಕೈಗೆ ಹೋಗುವ ನರಗಳ ಜಾಲ, ಎಳೆಯುತ್ತದೆ. ತಲೆ ಎದುರು ಬದಿಗೆ ವಾಲಿದ್ದರಂತೂ ಇನ್ನೂ ಜಾಸ್ತಿ.

ಹಾಗಂತ ಹತ್ತಿ ಸುತ್ತುತ್ತಾ ಹೋದರೆ ಆಗಲಿಲ್ಲ. ಬಿಗಿಯಾಗಿ ಸುತ್ತಿದ ಪ್ಯಾಡಿಂಗ್ ಕೂಡ ಒತ್ತಡವೇ. ನನ್ನ ಲೆಕ್ಕ ಸರಳ: ಪ್ಯಾಡಿನ ಕೆಳಗೆ ನನ್ನ ಬೆರಳು ಸಲೀಸಾಗಿ ಹೋಗಬೇಕು. ಡ್ರಿಪ್ಪಿನ ತ್ರೀ-ವೇ (ಕೊಳವೆಯ ಪ್ಲಾಸ್ಟಿಕ್ ಕವಾಟ), ಇಸಿಜಿ ವೈರ್ ಚರ್ಮಕ್ಕೂ ಬಟ್ಟೆಗೂ ನಡುವೆ ಸಿಕ್ಕಿಕೊಂಡಿಲ್ಲ ಅಂತ ಕೈಯಾಡಿಸಿ ನೋಡುತ್ತೇನೆ. ಬಿಪಿ ಕಫ್ ಮೊಣಕೈ ಮಡಿಕೆಗೆ ಇಳಿದಿದ್ದರೆ ಮೇಲೆ ಎಳೆಯುತ್ತೇನೆ.

ಇದೆಲ್ಲ ಮಾಡಿದರೆ ಅಲ್ನಾರ್ ನರಕ್ಕೆ ಏನೂ ಆಗುವುದಿಲ್ಲ ಅಂತ ಜೂನಿಯರ್‌ಗಳಿಗೆ ನಾನು ಯಾವತ್ತೂ ಹೇಳುವುದಿಲ್ಲ. ಈ ತೊಂದರೆ ಗಂಡಸರಲ್ಲಿ ಹೆಚ್ಚು. ಎಷ್ಟೋ ಜನರಲ್ಲಿ ಲಕ್ಷಣ ಕಾಣುವುದೇ ಆಪರೇಷನ್ ಆಗಿ ಒಂದು ದಿನ ಕಳೆದ ಮೇಲೆ. ಆಪರೇಷನ್ನೇ ಆಗದೆ ಆಸ್ಪತ್ರೆಯಲ್ಲಿ ಸುಮ್ಮನೆ ಮಲಗಿದ್ದವರಲ್ಲೂ ಬಂದದ್ದುಂಟು. ಹಾಗಾಗಿ ವಾರ್ಡಿನ ಸಿಸ್ಟರ್‌ಗೂ ಒಂದು ಮಾತು ಹೇಳುತ್ತೇನೆ: ಕೈ ಮಡಚಿ ಎದೆ ಮೇಲೆ ಇಟ್ಟುಕೊಂಡು ಗಂಟೆಗಟ್ಟಲೆ ಮಲಗಲು ಬಿಡಬೇಡಿ, ಮೊಣಕೈ ಊರಿ ಮೇಲೇಳಲು ಬಿಡಬೇಡಿ.

ಕಾಲು ಎತ್ತಿ ಕಟ್ಟುವ ಲಿಥಾಟಮಿಗೆ ಇಬ್ಬರು ಬೇಕು. ಎರಡೂ ಕಾಲನ್ನು ಒಟ್ಟಿಗೆ ಎತ್ತಿ ಒಟ್ಟಿಗೇ ಇಳಿಸಬೇಕು. ಒಬ್ಬರೇ ಒಂದೊಂದಾಗಿ ಎತ್ತಿದರೆ ಸೊಂಟ ತಿರುಚಿಕೊಳ್ಳುತ್ತದೆ. ಮೊಣಕಾಲಿನ ಹೊರಬದಿ, ಸ್ವಲ್ಪ ಕೆಳಗೆ, ಕೈಗೆ ಸಿಗುವ ಮೂಳೆಯ ಗಂಟಿದೆಯಲ್ಲ, ಅದರ ಪಕ್ಕದಲ್ಲೇ ಪೆರೋನಿಯಲ್ ನರ ಸುತ್ತಿ ಹೋಗುತ್ತದೆ. ಕಾಲು ಎತ್ತಿ ಹಿಡಿಯುವ ಸ್ಟಿರಪ್ಪಿನ ಕಂಬಿ ಅಲ್ಲಿ ಒತ್ತಿದರೆ ಪಾದ ಮೇಲೆತ್ತಲು ಆಗದೆ ಜೋತುಬೀಳುತ್ತದೆ. ಹೊತ್ತಿನ ಲೆಕ್ಕವೂ ಮುಖ್ಯ. ಎರಡು ಗಂಟೆ ದಾಟಿದ ಮೇಲೆ ಅಪಾಯ ಹೆಚ್ಚುತ್ತದೆ. ಅದಕ್ಕೇ ಕಾಲು ಎತ್ತಿದ ಸಮಯವನ್ನು ಚಾರ್ಟಿನಲ್ಲಿ ಬರೆದು, ಹತ್ತಿರ ಬಂದಾಗ ಸರ್ಜನ್‌ಗೆ ನೆನಪಿಸುತ್ತೇನೆ. ಇನ್ನೊಂದು ವಿಷಯ, ನರದ್ದಲ್ಲ. ಕೊನೆಯಲ್ಲಿ ಟೇಬಲ್ಲಿನ ಕಾಲಿನ ಭಾಗವನ್ನು ಮತ್ತೆ ಎತ್ತುವಾಗ ರೋಗಿಯ ಬೆರಳು ಸಂದಿಗೆ ಸಿಕ್ಕಬಹುದು. ಎರಡೂ ಕೈ ಕಣ್ಣಿಗೆ ಕಾಣುವ ತನಕ ಬಟನ್ ಒತ್ತಲು ನಾನು ಬಿಡುವುದಿಲ್ಲ.

ಮಗ್ಗುಲಾಗಿ ಮಲಗಿಸುವಾಗ ಕೆಳಗಿನ ಕಂಕುಳ ಮೇಲೆ ಮೈಭಾರ ಬೀಳದಿರಲಿ ಅಂತ ಎದೆಯ ಕೆಳಗೆ ಒಂದು ರೋಲ್ (ಮೆತ್ತನೆಯ ಸುರುಳಿ) ಇಡುತ್ತೇವೆ. ಅದು ಕಂಕುಳೊಳಗೆ ತೂರಬಾರದು, ಕಂಕುಳಿಗಿಂತ ಕೆಳಗೆ ಪಕ್ಕೆಲುಬಿನ ಮೇಲಿರಬೇಕು. ರೋಲಿಗೂ ಕಂಕುಳಿಗೂ ನಡುವೆ ನನ್ನ ಕೈ ಹೋಗಬೇಕು. ಬೆರಳಿಗೆ ಹಾಕಿ ನಾಡಿ, ಆಮ್ಲಜನಕ ನೋಡುವ ಆಕ್ಸಿಮೀಟರನ್ನು ಕೆಳಗಿನ ಕೈಗೆ ಹಾಕುತ್ತೇನೆ. ಪರದೆಯ ಮೇಲೆ ಕಾಣುವ ನಾಡಿಯ ಅಲೆ ಕುಗ್ಗಿದರೆ ರೋಲ್ ಜರುಗಿದೆಯಾ ಅಂತ ಮೊದಲು ನೋಡುತ್ತೇನೆ. ಆದರೆ ಅಲೆ ಚೆನ್ನಾಗಿದೆ ಅಂದ ಮಾತ್ರಕ್ಕೆ ನರಕ್ಕೆ ಒತ್ತಡ ಇಲ್ಲ ಅಂತ ಅಲ್ಲ. ಕೆಳಗಿನ ಕಿವಿ ಮಡಚಿಕೊಂಡಿಲ್ಲ, ಕಣ್ಣಿಗೆ ಏನೂ ತಾಗುತ್ತಿಲ್ಲ ಅಂತಲೂ ನೋಡಬೇಕು.

ತಲೆ ತಗ್ಗಿಸಿ ಮಾಡುವ ಲ್ಯಾಪ್ರೋಸ್ಕೋಪಿ, ರೋಬೋಟ್ ಕೇಸ್‌ಗಳಲ್ಲಿ ಮೈ ಜಾರುವುದೇ ದೊಡ್ಡ ಸಮಸ್ಯೆ. ಜಾರದಂತೆ ಭುಜಕ್ಕೆ ಆನಿಸುವ ಬ್ರೇಸ್ ನನಗೆ ಇಷ್ಟವಿಲ್ಲ. ಇಡೀ ಮೈಯ ಭಾರ ಹೆಗಲಿನ ಮೇಲೆ ಬಂದು ಪ್ಲೆಕ್ಸಸ್ ಒತ್ತಿಹೋಗುತ್ತದೆ. ಜಾರದ ಹಾಸಿಗೆ ಹಾಕಿಸುತ್ತೇನೆ. ಬಟ್ಟೆ ಹೊದಿಸುವ ಮುಂಚೆಯೇ ಒಮ್ಮೆ ಟೇಬಲ್ಲನ್ನು ಪೂರ್ತಿ ತಗ್ಗಿಸಿ, ತಲೆ ಎಷ್ಟು ಸರಿಯಿತು ಅಂತ ನೋಡುತ್ತೇನೆ. "ಇನ್ನೂ ಎಷ್ಟು ಹೊತ್ತು ಡಾಕ್ಟ್ರೇ?" ಅಂತ ಸರ್ಜನ್ ಕೇಳುತ್ತಾರೆ. "ಎರಡೇ ನಿಮಿಷ ಸರ್. ರೋಬೋಟ್ ಕೂತ ಮೇಲೆ ನನಗೆ ಕೈ ಹಾಕೋಕೆ ಜಾಗ ಸಿಗಲ್ಲ." ಇದಕ್ಕೆ ಸಾಮಾನ್ಯವಾಗಿ ಯಾರೂ ವಾದ ಮಾಡುವುದಿಲ್ಲ.

ಟೇಬಲ್ ತಿರುಗಿಸಿದರೆ, ವಾಲಿಸಿದರೆ, ಎತ್ತರ ಬದಲಿಸಿದರೆ ನಾನು ಮತ್ತೆ ತಲೆಯಿಂದ ಹಿಮ್ಮಡಿವರೆಗೆ ನೋಡುತ್ತೇನೆ. ಶುರುವಿನಲ್ಲಿ ಸರಿಯಾಗಿದ್ದ ಕೈ ಅರ್ಧ ಗಂಟೆಯಲ್ಲಿ ಆರ್ಮ್ ಬೋರ್ಡಿನಿಂದ ಅರ್ಧ ಇಳಿದಿರುತ್ತದೆ. ಬಟ್ಟೆಯ ಕೆಳಗೆ ಅದು ಕಾಣುವುದಿಲ್ಲ. ಅಸಿಸ್ಟೆಂಟ್ ಗೊತ್ತಿಲ್ಲದೆ ಅದರ ಮೇಲೆ ಒರಗಿ ನಿಂತಿರುತ್ತಾರೆ. ಕೆಳಗಿನಿಂದ ಕೈ ತೂರಿಸಿ ಮುಟ್ಟಿ ನೋಡುವುದೊಂದೇ ದಾರಿ. ನೋಡಿದ್ದನ್ನು ಬರೆಯುತ್ತೇನೆ: ತೋಳಿನ ಕೋನ, ಅಂಗೈ ದಿಕ್ಕು, ಎಲ್ಲೆಲ್ಲಿ ಪ್ಯಾಡ್, ಎಷ್ಟು ಗಂಟೆಗೆ. "ಪೊಸಿಷನ್ ಸರಿಯಿದೆ" ಅಂತ ಒಂದು ಸಾಲು ಗೀಚಿದರೆ ಆಮೇಲೆ ಯಾರಿಗೂ ಏನೂ ತಿಳಿಯುವುದಿಲ್ಲ.

ಮಾರನೇ ದಿನ ವಾರ್ಡಿನಲ್ಲಿ ಬೆರಳುಗಳನ್ನು ಅಗಲಿಸಿ ಅಂತೀನಿ, ಕಾಲಿನ ಹೆಬ್ಬೆರಳು ಮೇಲೆತ್ತಿ ಅಂತೀನಿ. ಕಿರುಬೆರಳು ಮುಟ್ಟಿ ನೋಡುತ್ತೇನೆ. ಬರೀ ಜೋಮಾದರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹೋಗುತ್ತದೆ. ಆದರೂ ಬಿಟ್ಟುಬಿಡದೆ ಮತ್ತೆ ಮತ್ತೆ ನೋಡಬೇಕು. ಶಕ್ತಿ ಕಡಿಮೆಯಾಗಿದ್ದರೆ ಕಾಯುವುದಿಲ್ಲ, ಆವತ್ತೇ ನರರೋಗ ತಜ್ಞರನ್ನು ಕರೆಸುತ್ತೇನೆ. ನರ ಸತ್ತ ಸ್ನಾಯುವಿನ ಬದಲಾವಣೆ ಇಎಂಜಿಯಲ್ಲಿ (ಸ್ನಾಯುವಿನ ವಿದ್ಯುತ್ ಪರೀಕ್ಷೆ) ಕಾಣಲು 2-3 ವಾರ ಬೇಕು. ಮೊದಲ ದಿನಗಳಲ್ಲೇ ಕಂಡರೆ ತೊಂದರೆ ಆಪರೇಷನ್‌ಗಿಂತ ಹಳೆಯದು ಅಂತ ಅರ್ಥ.

"ಸರಿ ಹೋಗುತ್ತಾ ಡಾಕ್ಟ್ರೇ?" ಅಂತ ಕೇಳಿದಾಗ ಇದ್ದದ್ದನ್ನೇ ಹೇಳುತ್ತೇನೆ. ನರದ ಹೊರಪದರಕ್ಕಷ್ಟೇ ಪೆಟ್ಟಾಗಿದ್ದರೆ ವಾರಗಳಲ್ಲಿ ಸುಧಾರಿಸುತ್ತದೆ. ಒಳಗಿನ ಎಳೆಯೇ ಕಡಿದಿದ್ದರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಮೊಣಕೈಯಿಂದ ಬೆರಳಿಗೆ ಬರಲು ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಮರಗಟ್ಟಿದ ಬೆರಳಿನಿಂದ ಬಿಸಿ ಪಾತ್ರೆ ಮುಟ್ಟಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ ಅಂತ ಹೇಳುತ್ತೇನೆ. ಪಾದ ಜೋತುಬಿದ್ದವರಿಗೆ ಅದನ್ನು ಎತ್ತಿ ಹಿಡಿಯುವ ಸ್ಪ್ಲಿಂಟ್ ಹಾಕಿಸುತ್ತೇನೆ. ಪಕ್ಕದಲ್ಲಿ ಒಬ್ಬರು ಹಿಡಿದುಕೊಳ್ಳದೆ ಅವರು ಮಂಚದಿಂದ ಇಳಿಯುವ ಹಾಗಿಲ್ಲ.